ಲಂಡನ್ನಿನ ಮಂಜಿನಲ್ಲಿ ಕಂಡ ಮಾಸ್ಕೋ: ಅಲೆಕ್ಸಾಂಡರ್ ಹೆರ್ಜೆನ್‌ನ ಬದುಕು

1852ರ ಆಗಸ್ಟ್ ತಿಂಗಳ ಕೊನೆಯಲ್ಲಿ ರಷ್ಯದ ಲೇಖಕ ಅಲೆಕ್ಸಾಂಡರ್ ಹೆರ್ಜೆನ್ ತನ್ನ ಹದಿಮೂರು ವರ್ಷದ ಮಗ ಸಾಷಾನೊಡನೆ ಲಂಡನ್ನಿಗೆ ಬಂದಿಳಿದನು. ಆಗ ಅವನಿಗೆ ನಲವತ್ತು ವರ್ಷ. ಸ್ವಲ್ಪ ಕಾಲ ಇದ್ದು ಹೊರಟುಹೋಗುವ ಎಣಿಕೆ ಅವನದು. ಆದರೆ ಉಳಿದದ್ದು ಹನ್ನೆರಡು ವರ್ಷಗಳಿಗೂ ಮಿಕ್ಕು. ಆ ನಗರವನ್ನು ಅವನು ಪ್ರೀತಿಸಿದನೆಂದು ಹೇಳುವಂತಿಲ್ಲ. ಮಾಸ್ಕೋವನ್ನು ಪ್ರೀತಿಸಿದ್ದನು, ಇಟಲಿಯನ್ನು ಪ್ರೀತಿಸಿದ್ದನು, ಪ್ಯಾರಿಸ್ಸನ್ನು ಮೊದಲು ಪ್ರೀತಿಸಿ ಆಮೇಲೆ ಶಪಿಸಿದ್ದನು. ಲಂಡನ್ನಿನ ವಿಷಯದಲ್ಲಿ ಇವೆರಡೂ ನಡೆಯಲಿಲ್ಲ. ಆದರೂ ರಷ್ಯನ್ ಗದ್ಯದ ಮಹಾಕೃತಿಗಳಲ್ಲಿ ಒಂದೆಂದು ಇಂದಿಗೂ ಪರಿಗಣಿತವಾಗಿರುವ ಅವನ ಆತ್ಮಕಥನ ಹುಟ್ಟಿದ್ದು ಅವನಿಗೆ ಒಲಿಯದ, ಅವನೂ ಒಲಿಯದ ಆ ನಗರದಲ್ಲಿಯೇ. ಇದು ಹೇಗೆ ಸಾಧ್ಯವಾಯಿತು ಎಂಬುದು ಕೇವಲ ರಷ್ಯನ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸೇರಿದ ಪ್ರಶ್ನೆಯಲ್ಲ. ತನ್ನ ನುಡಿ ಬೀದಿಯಲ್ಲಿ ಕೇಳಿಸದ ಊರಿನಲ್ಲಿ ಕುಳಿತು ಆ ನುಡಿಯಲ್ಲೇ ಬರೆಯುವವರೆಲ್ಲರಿಗೂ, ಕನ್ನಡನಾಡಿನ ಹೊರಗೆ ಕನ್ನಡವನ್ನು ಓದಿಸುತ್ತಿರುವ ನಮ್ಮಂಥವರಿಗೂ, ಅದು ಸಂಬಂಧಿಸಿದ್ದು.

ಹೆರ್ಜೆನ್ ಹುಟ್ಟಿದ್ದು 1812ರಲ್ಲಿ, ಮಾಸ್ಕೋದಲ್ಲಿ. ತಂದೆ ಇವಾನ್ ಯಾಕೊವ್ಲೆವ್ ದೊಡ್ಡ ಜಮೀನುದಾರ ಮನೆತನದವನು. ತಾಯಿ ಲೂಯಿಸಾ ಹಾಗ್ ಜರ್ಮನಿಯ ಸ್ಟುಟ್‌ಗಾರ್ಟಿನವಳು. ಅವರ ವಿವಾಹ ರಷ್ಯದ ಕಾನೂನಿನಂತೆ ನಡೆದಿರಲಿಲ್ಲವಾದ್ದರಿಂದ ಮಗುವಿಗೆ ತಂದೆಯ ಹೆಸರು ದಕ್ಕಲಿಲ್ಲ. ಹೃದಯ ಎಂಬರ್ಥದ ಜರ್ಮನ್ ಪದದಿಂದ ತಂದೆಯೇ ಒಂದು ಹೊಸ ಅಡ್ಡಹೆಸರನ್ನು ಕಟ್ಟಿಕೊಟ್ಟನು. ಅದೇ ವರ್ಷ ನೆಪೋಲಿಯನ್ ಮಾಸ್ಕೋವನ್ನು ಹೊಕ್ಕಾಗ ಕೂಸು ಆ ನಗರದಲ್ಲಿಯೇ ಇತ್ತು. ಚಕ್ರವರ್ತಿ ಅಲೆಕ್ಸಾಂಡರನಿಗೆ ನೆಪೋಲಿಯನ್ ಕೊಟ್ಟ ಪತ್ರವನ್ನು ಒಯ್ಯುವ ಷರತ್ತಿನ ಮೇಲೆ ಯಾಕೊವ್ಲೆವ್‌ಗೆ ಕುಟುಂಬಸಮೇತ ಉರಿಯುವ ನಗರವನ್ನು ದಾಟಲು ಅನುಮತಿ ಸಿಕ್ಕಿತು. ಈ ಕಥೆಯನ್ನು ಅವನು ದಾದಿ ವೇರಾ ಆರ್ತಮೊನೊವ್ನಾಳ ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡು ಬೆಳೆದನು. ಅವನ ಆತ್ಮಕಥನ ತೆರೆದುಕೊಳ್ಳುವುದು ಈ ಕಥೆಯಿಂದಲೇ. ಅಂದರೆ ಅವನ ಮೊತ್ತಮೊದಲ ನೆನಪು ಅವನದಲ್ಲ, ಮನೆಯ ಕೆಲಸದವಳೊಬ್ಬಳು ಕೊಟ್ಟದ್ದು. ನೆನಪು ಒಬ್ಬನ ಸ್ವಂತ ಸೊತ್ತಲ್ಲ ಎಂಬ ಅರಿವು ಆ ಪುಸ್ತಕದ ಮೊದಲ ಪುಟದಿಂದಲೇ ಇದೆ.

1825ರ ಡಿಸೆಂಬರ್ ತಿಂಗಳಲ್ಲಿ ಪೀಟರ್ಸ್‌ಬರ್ಗಿನ ಸೇನಾಧಿಕಾರಿಗಳು ಎದ್ದ ದಂಗೆ ವಿಫಲವಾಯಿತು. ಮರುವರ್ಷ ಐವರನ್ನು ನೇಣಿಗೇರಿಸಲಾಯಿತು. ಹದಿನಾಲ್ಕು ವರ್ಷದ ಹುಡುಗನಾಗಿದ್ದ ಹೆರ್ಜೆನ್ ಈ ಐವರನ್ನು ಜೀವನಪರ್ಯಂತ ಮರೆಯಲಿಲ್ಲ. ಗೆಳೆಯ ನಿಕೊಲಾಯ್ ಒಗಾರ್ಯೊವ್‌ನೊಡನೆ ಮಾಸ್ಕೋದ ಸ್ಪ್ಯಾರೋ ಬೆಟ್ಟದ ಮೇಲೆ ನಿಂತು, ಆ ಹುತಾತ್ಮರ ದಾರಿಯಲ್ಲಿ ನಡೆಯುವುದಾಗಿ ಪ್ರತಿಜ್ಞೆ ಮಾಡಿದ್ದು ಈ ದಿನಗಳಲ್ಲಿ. ಹುಡುಗರ ಪ್ರತಿಜ್ಞೆಗಳು ಸಾಮಾನ್ಯವಾಗಿ ಪರೀಕ್ಷೆಯ ಹೊತ್ತಿಗೆ ಮರೆತುಹೋಗುತ್ತವೆ. ಇವರದು ಮರೆತುಹೋಗಲಿಲ್ಲ ಎಂಬುದೇ ಆಶ್ಚರ್ಯ.

ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಭೌತ ಮತ್ತು ಗಣಿತ ವಿಜ್ಞಾನಗಳನ್ನು ಓದಿ 1833ರಲ್ಲಿ ಪದವಿ ಪಡೆದ ಹೆರ್ಜೆನ್ ಮರುವರ್ಷವೇ ಬಂಧನಕ್ಕೊಳಗಾದನು. ನೆಪ, ಒಂದು ಕೂಟದಲ್ಲಿ ದೊರೆಯನ್ನು ಹೀಯಾಳಿಸುವ ಹಾಡುಗಳನ್ನು ಹಾಡಿದರೆಂಬುದು. ಆ ಕೂಟದಲ್ಲಿ ಅವನು ಇರಲೇ ಇಲ್ಲ. ಮೊದಲು ಪೆರ್ಮ್, ಅನಂತರ ವ್ಯಾತ್ಕಾ, ಕೊನೆಗೆ ವ್ಲಾದಿಮಿರ್ ಎಂದು ಅವನ ಗಡಿಪಾರು ಮುಂದುವರಿಯಿತು. ವ್ಯಾತ್ಕಾದ ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತಿದ್ದಾಗ, 1837ರಲ್ಲಿ, ಆ ಊರಿಗೆ ಯುವರಾಜನ ಭೇಟಿಯಾಯಿತು. ಅಲ್ಲಿ ಏರ್ಪಡಿಸಿದ್ದ ವಸ್ತುಪ್ರದರ್ಶನವನ್ನು ಯುವರಾಜನಿಗೆ ವಿವರಿಸಿ ತೋರಿಸಲು ವಿದ್ಯಾವಂತನೊಬ್ಬ ಬೇಕಾಗಿದ್ದನು. ಆ ಕೆಲಸ ಗಡಿಪಾರಾದವನ ಪಾಲಿಗೆ ಬಂತು. ಯುವರಾಜನ ಜೊತೆಗೆ ಬಂದಿದ್ದ ಕವಿ ಝುಕೋವ್‌ಸ್ಕಿಯ ಮಧ್ಯಸ್ಥಿಕೆಯಿಂದ ಅವನಿಗೆ ಮಾಸ್ಕೋಗೆ ಹತ್ತಿರದ ವ್ಲಾದಿಮಿರ್‌ಗೆ ವರ್ಗವಾಯಿತು. ಈ ಯುವರಾಜನೇ ಮುಂದೆ ಎರಡನೆಯ ಅಲೆಕ್ಸಾಂಡರ್ ಝಾರ್ ಆದವನು. ಇಪ್ಪತ್ತು ವರ್ಷಗಳ ಬಳಿಕ ಹೆರ್ಜೆನ್ ಲಂಡನ್ನಿನಿಂದ ಬಹಿರಂಗ ಪತ್ರಗಳನ್ನು ಬರೆದದ್ದು ಇವನಿಗೇ.

1838ರ ಮೇ ತಿಂಗಳಲ್ಲಿ ನತಾಲ್ಯಾ ಜಖಾರಿನಾ ಮಾಸ್ಕೋದ ಮನೆಯಿಂದ ಗುಟ್ಟಾಗಿ ಹೊರಟು ಬಂದು ವ್ಲಾದಿಮಿರ್‌ನಲ್ಲಿ ಅವನನ್ನು ಮದುವೆಯಾದಳು. ಅವಳು ಅವನ ದೊಡ್ಡಪ್ಪನ ಮಗಳು, ಅವನಂತೆಯೇ ತಂದೆಯ ಹೆಸರು ದಕ್ಕದವಳು. 1840ರಲ್ಲಿ ಬಿಡುಗಡೆ, ಮರುವರ್ಷವೇ ಎರಡನೆಯ ಗಡಿಪಾರು. ಪೀಟರ್ಸ್‌ಬರ್ಗಿನ ಪೊಲೀಸನೊಬ್ಬನು ಮಾಡಿದ ಕೊಲೆಯ ಸುದ್ದಿಯನ್ನು ತಂದೆಗೆ ಬರೆದ ಕಾಗದದಲ್ಲಿ ಪ್ರಸ್ತಾಪಿಸಿದ್ದು ಈ ಬಾರಿಯ ಅಪರಾಧ. ನೊವ್‌ಗೊರೊದ್‌ನಲ್ಲಿ ಅವನಿಗೆ ಸರಕಾರಿ ಹುದ್ದೆಯನ್ನೂ ಕೊಟ್ಟು ಪೊಲೀಸ್ ಕಾವಲನ್ನೂ ಇಟ್ಟಿದ್ದರು. ಹೀಗಾಗಿ ತನ್ನ ಮೇಲಿನ ಕಾವಲಿನ ವರದಿಗೆ ಅಧಿಕಾರಿಯಾಗಿ ತಾನೇ ಸಹಿ ಹಾಕಬೇಕಾಯಿತು. ಗೊಗೊಲ್‌ನ ದೇಶದಲ್ಲಿ ಇದು ಉತ್ಪ್ರೇಕ್ಷೆಯಲ್ಲ, ದಿನಚರಿ.

ಮುಂದಿನ ಕೆಲವು ವರ್ಷ ಮಾಸ್ಕೋದಲ್ಲಿ ಅವನ ಸಾಹಿತ್ಯಕ ಪ್ರತಿಷ್ಠೆಯ ಕಾಲ. ಬೆಲಿನ್‌ಸ್ಕಿ, ಗ್ರಾನೊವ್‌ಸ್ಕಿ ಮೊದಲಾದವರ ಒಡನಾಟ, ತಪ್ಪು ಯಾರದು ಎಂದು ಕೇಳುವ ಶೀರ್ಷಿಕೆಯ ಕಾದಂಬರಿ, ತತ್ತ್ವಶಾಸ್ತ್ರದ ಪ್ರಬಂಧಗಳು ಈ ಕಾಲಕ್ಕೆ ಸೇರಿದವು. 1846ರಲ್ಲಿ ತಂದೆ ತೀರಿಕೊಂಡು ದೊಡ್ಡ ಆಸ್ತಿ ಕೈಗೆ ಬಂತು. 1847ರ ಜನವರಿಯಲ್ಲಿ ಹೆಂಡತಿ, ಮಕ್ಕಳು, ತಾಯಿಯೊಡನೆ ರಷ್ಯದ ಗಡಿ ದಾಟಿದನು. ಮತ್ತೆ ಅದನ್ನು ಕಾಣಲಿಲ್ಲ.

1848ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಕಾರ್ಮಿಕರನ್ನು ಗಣರಾಜ್ಯದ ಸೈನಿಕರೇ ಗುಂಡಿಟ್ಟು ಕೊಂದದ್ದನ್ನು ಕಣ್ಣಾರೆ ಕಂಡ ಮೇಲೆ ಯೂರೋಪಿನ ಬಗೆಗಿನ ಅವನ ನಂಬಿಕೆ ಕುಸಿಯಿತು. 1850ರಲ್ಲಿ ಹಿಂದಿರುಗಬೇಕೆಂಬ ಝಾರ್‌ನ ಆಜ್ಞೆಯನ್ನು ತಿರಸ್ಕರಿಸಿ ಶಾಶ್ವತವಾಗಿ ದೇಶಭ್ರಷ್ಟನಾದನು. ಸರಕಾರ ತಡೆಹಿಡಿದಿದ್ದ ಹಣವನ್ನು ಪ್ಯಾರಿಸ್ಸಿನ ಬ್ಯಾಂಕರ್ ಜೇಮ್ಸ್ ರಾಥ್‌ಚೈಲ್ಡ್ ಬಿಡಿಸಿಕೊಟ್ಟನು. ಸಮಾಜವಾದಿಯೊಬ್ಬನನ್ನು ಮಹಾ ಸಾಹುಕಾರನೊಬ್ಬ ಕಾಪಾಡಿದ ಈ ಪ್ರಸಂಗವನ್ನು ಹೆರ್ಜೆನ್ ನಗುತ್ತಲೇ ಬರೆದಿದ್ದಾನೆ. ಆ ಹಣದ ಮೂಲದಲ್ಲಿ ಜೀತದ ರೈತರ ಬೆವರಿತ್ತೆಂಬುದನ್ನು ನಾವು ಮರೆಯದೆ ಓದಬೇಕು.

ಲಂಡನ್ನಿಗೆ ಅವನನ್ನು ತಂದು ಹಾಕಿದ್ದು ರಾಜಕೀಯವಲ್ಲ, ಮನೆಯ ದುರಂತ. ನೀಸ್ ನಗರದಲ್ಲಿ ಜರ್ಮನ್ ಕವಿ ಗೆಯೋರ್ಗ್ ಹೆರ್ವೆಗ್‌ನ ಸಂಸಾರವೂ ಹೆರ್ಜೆನ್‌ನ ಸಂಸಾರವೂ ಒಂದೇ ಮನೆಯಲ್ಲಿದ್ದವು. ನತಾಲ್ಯಾ ಹೆರ್ವೆಗ್‌ನನ್ನು ಪ್ರೀತಿಸಿದಳು. 1851ರ ಆರಂಭದಲ್ಲಿ ಅದು ಹೊರಬಿದ್ದು ಹೆರ್ವೆಗ್ ಮನೆ ಬಿಡಬೇಕಾಯಿತು. ಅದೇ ಬೇಸಗೆಯಲ್ಲಿ ಗಂಡಹೆಂಡಿರು ಮತ್ತೆ ಹತ್ತಿರವಾದರು. ಆದರೆ ನವೆಂಬರ್ ತಿಂಗಳಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ, ನೀಸ್‌ಗೆ ಬರುತ್ತಿದ್ದ ಹೆರ್ಜೆನ್‌ನ ತಾಯಿ ಲೂಯಿಸಾ ಮತ್ತು ಕಿವಿ ಕೇಳದ ಎಳೆಯ ಮಗ ಕೋಲ್ಯಾ ನೀರುಪಾಲಾದರು. ದೇಹಗಳು ಸಿಕ್ಕಲಿಲ್ಲ. ಈ ಆಘಾತದಿಂದ ನತಾಲ್ಯಾ ಚೇತರಿಸಿಕೊಳ್ಳಲಿಲ್ಲ. 1852ರ ಮೇ 2ರಂದು ಹೆರಿಗೆಯಾದ ಬೆನ್ನಿಗೆ ಅವಳು ತೀರಿಕೊಂಡಳು, ಕೂಸೂ ಉಳಿಯಲಿಲ್ಲ.

ಹೆರ್ವೆಗ್‌ನನ್ನು ಯೂರೋಪಿನ ಪ್ರಜಾಪ್ರಭುತ್ವವಾದಿಗಳ ಎದುರು ನೈತಿಕ ವಿಚಾರಣೆಗೆ ನಿಲ್ಲಿಸಬೇಕು ಎಂಬ ಹಟ ಹೆರ್ಜೆನ್‌ಗೆ ಹಿಡಿಯಿತು. ನಾಡು ಬಿಟ್ಟ ಕ್ರಾಂತಿಕಾರಿಗಳೆಲ್ಲ ಸೇರಿದ್ದ ಲಂಡನ್ನಿಗೆ ಅವನು ಬಂದದ್ದು ಈ ಪಂಚಾಯಿತಿಯನ್ನು ಸೇರಿಸುವ ಆಸೆಯಿಂದಲೂ ಹೌದು. ಪಂಚಾಯಿತಿ ಸೇರಲಿಲ್ಲ. ಯಾರಿಗೂ ಅದು ಬೇಕಿರಲಿಲ್ಲ. ಪ್ರಿಮ್‌ರೋಸ್ ಹಿಲ್ ಬಳಿಯ ಬಾಡಿಗೆ ಮನೆಯಲ್ಲಿ, ಮಂಜು ಕವಿದ ಶರತ್ಕಾಲದಲ್ಲಿ, ಯಾರೂ ಕೇಳದ ಆ ಮೊಕದ್ದಮೆಯನ್ನು ಅವನು ಬರಹದಲ್ಲಿ ಹೂಡಲು ಹೊರಟನು. ಹೆಂಡತಿಗೆ ಆದ ಅನ್ಯಾಯವನ್ನು ಹೇಳಬೇಕು. ಅದಕ್ಕೆ ಮುಂಚೆ ತಾವಿಬ್ಬರೂ ಹೇಗೆ ಸೇರಿದೆವೆಂದು ಹೇಳಬೇಕು. ಅದಕ್ಕೂ ಮುಂಚೆ ಗೆಳೆಯರು, ಗಡಿಪಾರು, ವಿಶ್ವವಿದ್ಯಾನಿಲಯ, ಬೆಟ್ಟದ ಮೇಲಿನ ಪ್ರತಿಜ್ಞೆ, ದಾದಿಯ ಕಥೆ. ಹೀಗೆ ದೂರನ್ನು ಬರೆಯಲು ಕುಳಿತವನು ಹಿಂದೆ ಹಿಂದೆ ಸರಿಯುತ್ತ ಬಾಲ್ಯವನ್ನು ತಲುಪಿಬಿಟ್ಟನು. ಗತವೂ ಚಿಂತನೆಗಳೂ ಎಂದು ಕನ್ನಡಿಸಬಹುದಾದ ಹೆಸರಿನ ಅವನ ಮಹಾಕೃತಿಯ ಹುಟ್ಟು ಇದು. ಆತ್ಮಚರಿತ್ರೆಯ ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳ ಗಮನವನ್ನು ಇಲ್ಲಿಗೆ ಸೆಳೆಯುವುದುಂಟು: ಆ ಕೃತಿಯ ಮೂಲ ಪ್ರೇರಣೆ ಸೇಡು, ಆದರೆ ಕೃತಿ ಸೇಡಿನದಲ್ಲ.

ಈ ಪರಿವರ್ತನೆಯಲ್ಲಿ ನಗರದ ಪಾತ್ರವೇನು? ಯಾರನ್ನೂ ಗಮನಿಸದಿರುವ ಲಂಡನ್ನಿನ ಗುಣವನ್ನು ಹೆರ್ಜೆನ್ ಬಲು ಸೂಕ್ಷ್ಮವಾಗಿ ಗುರುತಿಸಿದ್ದಾನೆ. ಅಷ್ಟು ದೊಡ್ಡ ಜನಸಮುದ್ರದಲ್ಲಿ ಮನುಷ್ಯ ಏಕಾಂತವನ್ನು ಕಲಿಯುವಂತೆ ಬೇರೆಲ್ಲೂ ಕಲಿಯಲಾರನೆಂಬುದು ಅವನ ಅನುಭವ. ರಾತ್ರಿ ಹೊತ್ತು ಒಬ್ಬನೇ ಕಲ್ಲುಹಾಸಿನ ಬೀದಿಗಳಲ್ಲಿ ಮಂಜನ್ನು ಸೀಳಿಕೊಂಡು ತಿರುಗುವುದು ಅವನಿಗೆ ಅಭ್ಯಾಸವಾಯಿತು. ಪ್ಯಾರಿಸ್ಸಿನಲ್ಲಿ ಪೊಲೀಸರು ಬೆನ್ನಟ್ಟುತ್ತಿದ್ದರು, ಮಾಸ್ಕೋದಲ್ಲಿ ಪೊಲೀಸರ ಜೊತೆಗೆ ಗೆಳೆಯರೂ ಇದ್ದರು. ಇಲ್ಲಿ ಇಬ್ಬರೂ ಇಲ್ಲ. ಈ ಔದಾಸೀನ್ಯ ನೋಯಿಸುವಂಥದು, ಆದರೆ ಬರೆಯುವವನಿಗೆ ಅದು ವರವೂ ಆಯಿತು. ಮಂಜಿನ ಆಚೆ ನೋಡಲು ಲಂಡನ್ನಿನಲ್ಲಿ ಏನೂ ಇಲ್ಲದ್ದರಿಂದ ಮಾಸ್ಕೋ ಕಾಣತೊಡಗಿತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದು ಹನೇಹಳ್ಳಿಯನ್ನು ಕಂಡ ಬಗೆಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ತಾಲರಿಗೆ ಊರಿಗೆ ಹೋಗುವ ದಾರಿ ತೆರೆದಿತ್ತು, ಹೆರ್ಜೆನ್‌ಗೆ ಮುಚ್ಚಿತ್ತು ಎಂಬ ವ್ಯತ್ಯಾಸವನ್ನು ಮಾತ್ರ ಸೇರಿಸಬೇಕು.

ನೆನಪು ಬರಹವಾಗಬೇಕಾದರೆ ಅಚ್ಚುಮೊಳೆ ಬೇಕು. 1853ರ ಜೂನ್ ತಿಂಗಳಲ್ಲಿ ಅವನು ಲಂಡನ್ನಿನಲ್ಲಿ ಸ್ವತಂತ್ರ ರಷ್ಯನ್ ಮುದ್ರಣಾಲಯವನ್ನು ಸ್ಥಾಪಿಸಿದನು. ಸರಕಾರದ ಪರಿಶೀಲಕನ ಅಪ್ಪಣೆಯಿಲ್ಲದೆ ರಷ್ಯನ್ ಭಾಷೆಯನ್ನು ಅಚ್ಚು ಹಾಕುವ ಇಂಥ ಮುದ್ರಣಾಲಯ ಹಿಂದೆ ಇರಲಿಲ್ಲ. ಅದನ್ನು ನಿಲ್ಲಿಸಲು ನೆರವಾದವರು ರಷ್ಯದಿಂದ ಪೆಟ್ಟು ತಿಂದು ಓಡಿಬಂದ ಪೋಲಿಷ್ ದೇಶಭ್ರಷ್ಟರು; ಅವರಲ್ಲಿ ವೃದ್ಧ ಸ್ಟಾನಿಸ್ಲಾವ್ ವೊರ್ಸೆಲ್ ಮುಖ್ಯನು. ಮೊದಲು ಅಚ್ಚಾದದ್ದು ಜೀತದ ರೈತರನ್ನು ನೀವಾಗಿಯೇ ಬಿಡುಗಡೆ ಮಾಡಿ ಎಂದು ರಷ್ಯದ ಜಮೀನುದಾರರಿಗೆ ಮಾಡಿದ ಮನವಿ.

ಮುದ್ರಣಾಲಯ ಸಿದ್ಧವಾಯಿತು, ಓದುಗರಿರಲಿಲ್ಲ. ರಷ್ಯದಿಂದ ಒಂದು ಹಸ್ತಪ್ರತಿಯೂ ಬರಲಿಲ್ಲ. ಬಂದದ್ದು ಭಯ. ಆ ವರ್ಷವೇ ಮಾಸ್ಕೋದ ಪ್ರಖ್ಯಾತ ನಟ ಮಿಖಾಯಿಲ್ ಶ್ಚೆಪ್ಕಿನ್ ಹಳೆಯ ಗೆಳೆಯರ ಪರವಾಗಿ ಲಂಡನ್ನಿಗೆ ಬಂದನು. ನಿನ್ನ ಪುಸ್ತಕಗಳಿಂದ ಅಲ್ಲಿರುವ ನಮಗೆ ಅಪಾಯ, ಮುದ್ರಣಾಲಯವನ್ನು ಮುಚ್ಚು, ಅಮೆರಿಕಕ್ಕೆ ಹೋಗು, ಜನ ನಿನ್ನನ್ನು ಮರೆಯಲಿ ಎಂಬುದು ಅವನ ಬೇಡಿಕೆಯ ಸಾರ. ಆ ಮುದುಕ ಕಣ್ಣೀರು ಹಾಕಿದನು. ಅವನು ಜೀತದ ಮನೆಯಲ್ಲಿ ಹುಟ್ಟಿ, ನಟನೆಯ ಬಲದಿಂದ ಬಿಡುಗಡೆ ಪಡೆದವನು. ಜೀತದ ವಿರುದ್ಧದ ಮೊದಲ ಸ್ವತಂತ್ರ ಧ್ವನಿಯನ್ನು ನಿಲ್ಲಿಸೆಂದು ಕೇಳಲು ಅವನೇ ಬರಬೇಕಾಯಿತು. ಹೆರ್ಜೆನ್ ಒಪ್ಪಲಿಲ್ಲ. ಇಬ್ಬರೂ ಪ್ರೀತಿಯಿಂದಲೇ ಬೀಳ್ಕೊಂಡರು. ಇಡೀ ಕೃತಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಸಂಗ ಇದು. ಸುರಕ್ಷಿತ ದೂರದಲ್ಲಿರುವವನ ಧೈರ್ಯಕ್ಕೆ ಊರಿನಲ್ಲಿ ಉಳಿದವರು ಬೆಲೆ ತೆರಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿತ್ತು. 1862ರಲ್ಲಿ ಅದು ನಿಜವೂ ಆಯಿತು.

1855ರ ಮಾರ್ಚ್ ಆರಂಭದಲ್ಲಿ ಒಂದನೆಯ ನಿಕೊಲಾಯ್ ಸತ್ತ ಸುದ್ದಿಯನ್ನು ಹೆರ್ಜೆನ್ ಪತ್ರಿಕೆಯಲ್ಲಿ ಓದಿದನು. ಆಗ ಅವನ ವಾಸ ಥೇಮ್ಸ್ ನದಿಯ ಮೇಲ್ಭಾಗದ ಪರಿಸರದಲ್ಲಿ. ಬೀದಿಯ ಹುಡುಗರಿಗೆ ಚಿಲ್ಲರೆ ನಾಣ್ಯಗಳನ್ನು ಎಸೆದು ಆ ಸಾವಿಗೆ ಜಯಕಾರ ಹಾಕಿಸಿದನಂತೆ. ಸಾವಿಗೆ ಹಿಗ್ಗುವುದು ನಮಗೆ ಒಗ್ಗದು. ಆದರೆ ಮೂವತ್ತು ವರ್ಷದ ಉಸಿರುಗಟ್ಟು ಒಂದೇ ಬೆಳಗಿಗೆ ಬಿಟ್ಟವನ ನಡತೆಯನ್ನು ಅಳೆಯಲು ನಾವು ಯಾರು? ಆ ವರ್ಷವೇ ಧ್ರುವನಕ್ಷತ್ರ ಎಂಬರ್ಥದ ಹೆಸರಿನ ಸಂಕಲನ ಹೊರಟಿತು. ಅದರ ಹೊದಿಕೆಯ ಮೇಲೆ ನೇಣಿಗೇರಿದ ಐವರ ಮುಖಚಿತ್ರಗಳಿದ್ದವು. ಆತ್ಮಕಥನದ ಅಧ್ಯಾಯಗಳು ಇದರಲ್ಲಿ ಬೆಳಕು ಕಂಡವು. 1856ರ ವಸಂತದಲ್ಲಿ ಬೆಟ್ಟದ ಮೇಲಿನ ಪ್ರತಿಜ್ಞೆಯ ಗೆಳೆಯ ಒಗಾರ್ಯೊವ್ ಪತ್ನಿ ನತಾಲ್ಯಾ ತುಚ್ಕೊವಾಳೊಡನೆ ಲಂಡನ್ನಿಗೆ ಬಂದನು. ಗೆಳೆಯರಿಬ್ಬರೂ ಸೇರಿ 1857ರ ಜುಲೈ 1ರಂದು ಹೊರತಂದ ಪತ್ರಿಕೆಯೇ ಕೊಲೊಕೊಲ್, ಎಂದರೆ ಘಂಟೆ.

ಉಚ್ಛ್ರಾಯದ ದಿನಗಳಲ್ಲಿ ಅದರ ಸುಮಾರು 2,500 ಪ್ರತಿಗಳು ಅಚ್ಚಾಗುತ್ತಿದ್ದವು. ಸಂಖ್ಯೆ ಸಣ್ಣದು, ಪರಿಣಾಮ ಸಣ್ಣದಲ್ಲ. ಕಳ್ಳದಾರಿಗಳಲ್ಲಿ ಗಡಿ ದಾಟಿದ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅರಮನೆಯಲ್ಲಿಯೂ ಅದನ್ನು ಓದುತ್ತಿದ್ದರು. ಲಂಚಕೋರ ಅಧಿಕಾರಿಗಳ, ರೈತರನ್ನು ಹೊಡೆಸುವ ಜಮೀನುದಾರರ ಹೆಸರುಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಹೆರ್ಜೆನ್‌ನ ಮನೆ ಯಾತ್ರಾಸ್ಥಳವಾಯಿತು. ಬಾಡಿಗೆ ಮನೆಗಳನ್ನು ಪದೇ ಪದೇ ಬದಲಿಸುತ್ತಿದ್ದ ಅವನು ಪಟ್ನಿ, ಫುಲಮ್‌ಗಳ ಬಳಿಕ 1860ರಿಂದ ಪ್ಯಾಡಿಂಗ್ಟನ್ನಿನ ಆರ್ಸೆಟ್ ಹೌಸಿನಲ್ಲಿದ್ದನು. 1859ರಲ್ಲಿ ಚೆರ್ನಿಶೆವ್‌ಸ್ಕಿ, 1861ರಲ್ಲಿ ಟಾಲ್‌ಸ್ಟಾಯ್ ಅವನನ್ನು ಭೇಟಿಮಾಡಿದರು. ತುರ್ಗೆನೆವ್ ಬಂದು ಹೋಗುತ್ತಿದ್ದನು. ಸೈಬೀರಿಯದಿಂದ ತಪ್ಪಿಸಿಕೊಂಡ ಬಕುನಿನ್ ಭೂಮಿಯನ್ನು ಬಹುಪಾಲು ಸುತ್ತಿ 1861ರ ಡಿಸೆಂಬರಿನಲ್ಲಿ ಇಲ್ಲಿಗೇ ಬಂದು ತಲುಪಿದನು. ಇವರ ನಡುವೆ ಹೆಸರಿಲ್ಲದವರೂ ಇದ್ದರು. 1857ರಲ್ಲಿ ಬಖ್ಮೆತೆವ್ ಎಂಬ ಯುವ ಜಮೀನುದಾರನೊಬ್ಬ ಬಂದು, ರಷ್ಯನ್ ಪ್ರಚಾರಕಾರ್ಯಕ್ಕೆಂದು 20,000 ಫ್ರಾಂಕ್‌ಗಳನ್ನು ಕೊಟ್ಟು, ತಾನು ಪೆಸಿಫಿಕ್ ಸಾಗರದ ಮಾರ್ಕ್ವೆಸಾಸ್ ದ್ವೀಪಗಳಿಗೆ ಹೋಗಿ ಹೊಸ ಸಮಾಜ ಕಟ್ಟುವೆನೆಂದು ಹೊರಟುಹೋದನು. ಆಮೇಲೆ ಅವನ ಸುಳಿವೇ ಇಲ್ಲ.

ಮಾತ್ಸಿನಿ, ಕೊಶುತ್, ಲೆದ್ರು ರೊಲೆನ್, ಲೂಯಿ ಬ್ಲಾ ಮೊದಲಾದವರಿಂದ ತುಂಬಿದ್ದ ಲಂಡನ್ನಿನ ದೇಶಭ್ರಷ್ಟರ ಲೋಕವನ್ನು ಹೆರ್ಜೆನ್ ಚಿತ್ರಿಸಿರುವುದರಲ್ಲಿ ಗೌರವವೂ ಇದೆ, ಕನಿಕರವೂ ಇದೆ, ಕಟಕಿಯೂ ಇದೆ. ಗಡಿಯಾರ ನಿಂತುಹೋದ ಮನುಷ್ಯರು ಇವರು. ತಾವು ನಾಡು ಬಿಟ್ಟ ದಿನದಲ್ಲಿಯೇ ನಾಡೂ ನಿಂತಿದೆಯೆಂದು ನಂಬಿ, ಹಳೆಯ ಜಗಳಗಳನ್ನೇ ಹೊಸದಾಗಿ ಆಡುತ್ತಿದ್ದರು. 1852ರಲ್ಲಿ ಇಬ್ಬರು ಫ್ರೆಂಚ್ ದೇಶಭ್ರಷ್ಟರು ಎಗಮ್ ಬಳಿ ದ್ವಂದ್ವಯುದ್ಧ ಮಾಡಿ ಒಬ್ಬ ಸತ್ತನು; ಕೊಂದ ಬಾರ್ತೆಲೆಮಿ 1855ರಲ್ಲಿ ಬೇರೊಂದು ಕೊಲೆಗಾಗಿ ನೇಣಿಗೇರಿದನು. ಪರಊರಿನಲ್ಲಿ ಭಾಷಾಬಾಂಧವರು ಸೇರಿ ಕಟ್ಟಿದ ಸಂಘಗಳ ಇತಿಹಾಸವನ್ನು ಬಲ್ಲವರಿಗೆ ಈ ಅಧ್ಯಾಯಗಳು ಅಷ್ಟೇನೂ ಅಪರಿಚಿತವೆನಿಸವು. ಇಂಗ್ಲೆಂಡಿನ ಕಾನೂನಿನ ಬಗೆಗೆ ಮಾತ್ರ ಅವನ ಮೆಚ್ಚುಗೆ ಪೂರ್ಣವಾದದ್ದು. ಮೂರನೆಯ ನೆಪೋಲಿಯನ್ನನ ಕೊಲೆಯತ್ನಕ್ಕೆ ನೆರವಾದನೆಂದು ಆರೋಪಿತನಾದ ಸಿಮೊ ಬರ್ನಾರ್‌ನನ್ನು 1858ರಲ್ಲಿ ಲಂಡನ್ನಿನ ಜ್ಯೂರಿ ದೋಷಮುಕ್ತಗೊಳಿಸಿದ್ದನ್ನು ಅವನು ಹಿಗ್ಗಿನಿಂದ ವರ್ಣಿಸುತ್ತಾನೆ. ಆದರೆ ಇಂಗ್ಲೆಂಡಿನ ಸಾಮಾನ್ಯ ಜನರ ಮನೆಯೊಳಗಿನ ಬದುಕು ಅವನ ಪುಟಗಳಲ್ಲಿ ಅತಿ ವಿರಳ. ಹನ್ನೆರಡು ವರ್ಷ ನೋಡಿಯೂ ಅವನು ಅದನ್ನು ಕಿಟಕಿಯ ಹೊರಗಿನಿಂದಲೇ ನೋಡಿದನು. ಇದನ್ನು ಕೃತಿಯ ಕೊರತೆಯೆಂದೇ ನಾನು ಎಣಿಸುತ್ತೇನೆ.

1861ರಲ್ಲಿ ಜೀತವಿಮೋಚನೆಯ ಘೋಷಣೆಯಾಯಿತು. ಏಪ್ರಿಲ್ 10ರಂದು ಆರ್ಸೆಟ್ ಹೌಸ್ ಗ್ಯಾಸ್ ದೀಪಗಳಿಂದ ಬೆಳಗಿತು. ಆ ದಿನ ಝಾರ್‌ನ ಆರೋಗ್ಯಕ್ಕೆ ಪಾನ ಮಾಡುವ ಸಿದ್ಧತೆಯೂ ಹೆರ್ಜೆನ್‌ನಲ್ಲಿತ್ತು. ಅಷ್ಟರಲ್ಲಿ ವಾರ್ಸಾದ ಬೀದಿಯಲ್ಲಿ ರಷ್ಯನ್ ಸೈನಿಕರು ಪೋಲಿಷರ ಮೇಲೆ ಗುಂಡು ಹಾರಿಸಿದ ಸುದ್ದಿ ಬಂತು. ದೀಪಗಳು ಉರಿಯುತ್ತಲೇ ಇದ್ದವು, ಹಬ್ಬ ನಂದಿತು. ಮರುವರ್ಷದ ಬೇಸಗೆಯಲ್ಲಿ ಅವನ ಮನೆಯ ಕೂಟವೊಂದರಲ್ಲಿ ಗೂಢಚಾರನಿದ್ದನು. ಅಲ್ಲಿಂದ ಪತ್ರಗಳನ್ನು ಒಯ್ದ ವೆತೊಶ್ನಿಕೊವ್ ರಷ್ಯದ ಗಡಿಯಲ್ಲಿ ಸಿಕ್ಕಿಬಿದ್ದನು. ಪತ್ರಗಳಲ್ಲಿದ್ದ ಹೆಸರುಗಳು ಹಲವರನ್ನು ಸೆರೆಮನೆಗೆ ತಳ್ಳಿದವು. ಚೆರ್ನಿಶೆವ್‌ಸ್ಕಿಯ ಬಂಧನಕ್ಕೂ ಅವುಗಳಲ್ಲಿದ್ದ ಒಂದು ಸಾಲು ನೆಪವಾಯಿತು. ಶ್ಚೆಪ್ಕಿನ್‌ನ ಕಣ್ಣೀರನ್ನು ಇಲ್ಲಿ ಓದುಗರು ನೆನೆಯಬೇಕು. 1863ರಲ್ಲಿ ಪೋಲಂಡ್ ದಂಗೆಯೆದ್ದಾಗ ಹೆರ್ಜೆನ್ ಪೋಲಿಷರ ಪರ ನಿಂತನು. ರಷ್ಯದ ಉದಾರವಾದಿಗಳು ಒಮ್ಮೆಲೇ ದೇಶಭಕ್ತರಾಗಿ ಅವನಿಗೆ ಬೆನ್ನು ತಿರುಗಿಸಿದರು. ಕೊಲೊಕೊಲ್‌ನ ಪ್ರಸಾರ ಸುಮಾರು 500ಕ್ಕೆ ಇಳಿಯಿತು. ತನ್ನ ಮೊಳೆಗಳನ್ನು ಜೋಡಿಸಿಕೊಟ್ಟ ಜನಾಂಗದ ಕೈಯನ್ನು ಅವನು ಬಿಡಲಿಲ್ಲ.

ಇನ್ನು ಮನೆಯ ಮಾತು. ಒಗಾರ್ಯೊವ್ ದಂಪತಿ ಬಂದ ಮರುವರ್ಷವೇ ಹೆರ್ಜೆನ್ ಮತ್ತು ನತಾಲ್ಯಾ ತುಚ್ಕೊವಾ ಪರಸ್ಪರ ಪ್ರೇಮದಲ್ಲಿ ಸಿಲುಕಿದರು. 1858ರಲ್ಲಿ ಹುಟ್ಟಿದ ಲೀಜಾ, 1861ರಲ್ಲಿ ಹುಟ್ಟಿದ ಅವಳಿಮಕ್ಕಳು ಹೆರ್ಜೆನ್‌ನವರು. ಲೋಕದ ಕಣ್ಣಿಗೆ ಒಗಾರ್ಯೊವ್‌ನವರು. ಒಗಾರ್ಯೊವ್ ಅದನ್ನು ನುಂಗಿಕೊಂಡು ಸ್ನೇಹವನ್ನು ಉಳಿಸಿಕೊಂಡನು. ಗೆಳೆಯನ ಹೆಂಡತಿಯನ್ನು ಪ್ರೀತಿಸಿದವನನ್ನು ಪಂಚಾಯಿತಿಗೆ ಎಳೆಯಲು ಬಂದ ನಗರದಲ್ಲಿಯೇ ಹೆರ್ಜೆನ್ ಆ ಸ್ಥಾನದಲ್ಲಿ ನಿಂತನು. ಅಷ್ಟೊಂದು ನೇರವಾಗಿ ಮಾತಾಡುವ ಆತ್ಮಕಥನ ಈ ವಿಷಯದಲ್ಲಿ ಮೌನ ತಾಳುತ್ತದೆ. ಬದುಕಿದ್ದವರ ಮಾನ ಕಾಯುವ ಸಂಯಮ ಅದೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಹೆರ್ವೆಗ್‌ನನ್ನು ಕುರಿತ ಪುಟಗಳ ಉಗ್ರತೆಯನ್ನು ಓದುವಾಗ ಈ ಮೌನವೂ ನಮ್ಮ ಎದುರಿಗಿರಬೇಕು. 1933ರಲ್ಲಿ ಇ. ಎಚ್. ಕಾರ್ ಹೆರ್ವೆಗ್ ಮನೆತನದಲ್ಲಿ ಉಳಿದಿದ್ದ ನತಾಲ್ಯಾಳ ಪತ್ರಗಳನ್ನು ಬಳಸಿಕೊಂಡು ಬರೆದ ಗ್ರಂಥದಲ್ಲಿ, ಗಂಡನ ಬರಹದಲ್ಲಿ ಮೋಸಹೋದವಳಾಗಿ ಮಾತ್ರ ಕಾಣುವ ಆ ಹೆಣ್ಣು ತನ್ನದೇ ಆಸೆಯ ಧ್ವನಿಯಲ್ಲಿ ಮಾತಾಡಿದಳು.

1864ರ ಏಪ್ರಿಲಿನಲ್ಲಿ ಗ್ಯಾರಿಬಾಲ್ಡಿ ಲಂಡನ್ನಿಗೆ ಬಂದಾಗ ಟೆಡಿಂಗ್ಟನ್ನಿನಲ್ಲಿದ್ದ ಹೆರ್ಜೆನ್‌ನ ಮನೆಗೆ ಊಟಕ್ಕೆ ಹೋದದ್ದು ಅವನ ಲಂಡನ್ ಬದುಕಿನ ಕೊನೆಯ ಸಂಭ್ರಮ. ಆ ಡಿಸೆಂಬರಿನಲ್ಲಿ ಅವಳಿಮಕ್ಕಳಿಬ್ಬರೂ ಪ್ಯಾರಿಸ್ಸಿನಲ್ಲಿ ಗಂಟಲಮಾರಿಗೆ ತುತ್ತಾದರು. 1865ರಲ್ಲಿ ಅವನು ಮುದ್ರಣಾಲಯವನ್ನು ಜಿನೀವಾಕ್ಕೆ ಸಾಗಿಸಿದನು. ಅಲ್ಲಿಯ ಹೊಸ ಪೀಳಿಗೆಯ ರಷ್ಯನ್ ಕ್ರಾಂತಿಕಾರಿಗಳಿಗೆ ಅವನು ಹಳಬ, ಶ್ರೀಮಂತ. ರಷ್ಯನ್ ಭಾಷೆಯ ಕೊಲೊಕೊಲ್ 1867ರಲ್ಲಿ ನಿಂತಿತು. ಲಂಡನ್ ಕುರಿತ ಅಧ್ಯಾಯಗಳಲ್ಲಿ ಕೆಲವನ್ನು ಅವನು ಬರೆದದ್ದು ಅಲ್ಲಿಂದ ಹೊರಟ ಮೇಲೆ. ಲಂಡನ್ನಿನಲ್ಲಿದ್ದಾಗ ಮಾಸ್ಕೋ ಕಂಡಂತೆ, ಲಂಡನ್ ಬಿಟ್ಟ ಮೇಲೆ ಲಂಡನ್ ಕಂಡಿತು.

1870ರ ಜನವರಿ 21ರಂದು ಪ್ಯಾರಿಸ್ಸಿನಲ್ಲಿ ಅವನು ತೀರಿಕೊಂಡನು. ದೇಹವನ್ನು ಬಳಿಕ ನೀಸ್‌ಗೆ ಒಯ್ದು ನತಾಲ್ಯಾಳ ಸಮಾಧಿಯ ಬಳಿ ಹೂಳಿದರು. ಲಂಡನ್ನಿನ ಮೊದಲ ಶರತ್ಕಾಲದಲ್ಲಿ ಯಾವ ಸಂಗತಿಯನ್ನು ಹೇಳಲೆಂದೇ ಲೇಖನಿ ಹಿಡಿದಿದ್ದನೋ, ಆ ಭಾಗವನ್ನು ಅವನು ಬರೆದನು, ತಿದ್ದಿದನು, ಆಪ್ತರಿಗೆ ಓದಿ ಹೇಳಿದನು, ಆದರೆ ಮುದ್ರಣಾಲಯ ಕೈಯಲ್ಲಿದ್ದೂ ಇಡಿಯಾಗಿ ಅಚ್ಚು ಹಾಕಿಸಲಿಲ್ಲ. ಅದು ರಷ್ಯದಲ್ಲಿ ಪೂರ್ಣವಾಗಿ ಬೆಳಕು ಕಂಡದ್ದು 1917ರ ಕ್ರಾಂತಿಯ ನಂತರ, ಅವನು ತೀರಿಕೊಂಡು ಸುಮಾರು ಅರ್ಧ ಶತಮಾನ ಕಳೆದ ಮೇಲೆ.